ಬೀಟಾ ಎಚ್‌ಸಿಜಿ 112ರಿಂದ 186 ಆಗಿದೆ, ಡಬಲ್ ಆಗಿಲ್ಲ. ಏನರ್ಥ?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ರಾತ್ರಿ ಎರಡು ಗಂಟೆ ಆಗಿದೆ, ನಿದ್ದೆ ಹತ್ತುತ್ತಿಲ್ಲ. ಗೊತ್ತಿರುವವರು ಯಾರಾದರೂ ದಯವಿಟ್ಟು ಬಿಡಿಸಿ ಹೇಳಿ.

ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ಈ ಸಲ ಮುಟ್ಟಾದ 32ನೇ ದಿನ ಸಂಜೆ, ತಡೆಯಲಾಗದೆ ಕಿಟ್‌ನಲ್ಲಿ ನೋಡಿಕೊಂಡೆ. ಎರಡನೇ ಗೆರೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ, ಹಾಗಿತ್ತು. ಕಿಟಕಿ ಹತ್ತಿರ ಹಿಡಿದೆ, ದೀಪದ ಕೆಳಗೆ ಹಿಡಿದೆ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಮಾರನೇ ದಿನ ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದು ಕಿಟ್. ಈ ಸಲ ಗೆರೆ ಕಂಡಿತು. ತಿಳಿ ಗುಲಾಬಿ, ಆದರೆ ಗೆರೆಯೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸೋಮವಾರ, ಅಂದರೆ 34ನೇ ದಿನ, ರಕ್ತ ಕೊಟ್ಟೆ. ಬೀಟಾ ಎಚ್‌ಸಿಜಿ, ಅಂದರೆ ಗರ್ಭ ನಿಂತಾಗ ರಕ್ತದಲ್ಲಿ ಏರುವ ಹಾರ್ಮೋನ್, 112 ಬಂತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಎಚ್’ ಅಂತ ಹಾಕಿದ್ದರು, ಹೈ ಅಂತೆ. ನಾರ್ಮಲ್ ರೇಂಜ್ 5ಕ್ಕಿಂತ ಕಡಿಮೆ ಅಂತ ಬರೆದಿತ್ತು. ಗರ್ಭ ಉಳಿಸಿಕೊಳ್ಳುವ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್ 14.2. ಬುಧವಾರ ಮತ್ತೆ ರಕ್ತ ಕೊಟ್ಟೆ. 186. ಎರಡು ದಿನಕ್ಕೆ ಡಬಲ್ ಆಗಲೇಬೇಕು, ಅಂದರೆ 224 ಆಗಬೇಕಿತ್ತು, ಇಲ್ಲದಿದ್ದರೆ ನಿಲ್ಲುವುದಿಲ್ಲ ಅಂತ ನನ್ನ ಓರಗಿತ್ತಿ ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅವರಿಗೂ ಭಯ. ಡಾಕ್ಟರ್ ‘ಏರಿದೆಯಲ್ಲ, ಒಂದು ವಾರ ಬಿಟ್ಟು ನೋಡೋಣ’ ಎಂದರು. ಅಷ್ಟೇ. ಹೊರಗೆ ಬಂದ ಮೇಲೆ ಕೇಳಬೇಕಾದದ್ದೆಲ್ಲ ನೆನಪಾಯಿತು.

ಆ್ಯಪ್‌ನಲ್ಲಿ ನೋಡಿದರೆ ನನಗೆ ಸೋಮವಾರಕ್ಕೆ 4 ವಾರ 5 ದಿನ. ಚಾರ್ಟ್‌ನಲ್ಲಿ 5 ವಾರಕ್ಕೆ 18ರಿಂದ 7,340 ಅಂತ ಇದೆ. ಇನ್ನೊಬ್ಬರು ಇದೇ ದಿನಕ್ಕೆ 900 ಇತ್ತು ಅಂತ ಬರೆದಿದ್ದಾರೆ. ನನ್ನದು ಯಾಕೆ ಇಷ್ಟು ಕಡಿಮೆ? ಹೈ ಅಂತ ಬೇರೆ ಹಾಕಿದ್ದಾರೆ. ಹೆಚ್ಚೋ ಕಡಿಮೆಯೋ ಅದೇ ಗೊತ್ತಾಗುತ್ತಿಲ್ಲ.

ಸಂಪಿಗೆ

ಧೈರ್ಯವಾಗಿರಿ. ನನಗೆ ಮೊದಲ ಟೆಸ್ಟ್‌ನಲ್ಲೇ 640 ಬಂದಿತ್ತು. ಇಷ್ಟು ಜಾಸ್ತಿ ಇದೆ ಅಂದರೆ ಅವಳಿ ಇರಬೇಕು ಅಂತ ಎಲ್ಲರೂ ಹೇಳಿದರು. ಒಂದೇ ಮಗು, ಈಗ ಅವನಿಗೆ ಮೂರು ವರ್ಷ. ನನ್ನ ಸ್ನೇಹಿತೆಗೆ ಮೊದಲು 48 ಇತ್ತು, ಅವಳ ಮಗಳೂ ಚೆನ್ನಾಗಿದ್ದಾಳೆ. ಇನ್ನೊಬ್ಬರ ಅಂಕಿ ನೋಡಬೇಡಿ. ಲ್ಯಾಬ್ ಅಕ್ಕ ಇಲ್ಲೇ ಇರುತ್ತಾರೆ, ಅವರು ಹೇಳಲಿ.

ಲ್ಯಾಬ್ ಅಕ್ಕ

ಮೊದಲು ಇಷ್ಟು ಹೇಳಿ. ಸೋಮವಾರ ಎಷ್ಟು ಗಂಟೆಗೆ ರಕ್ತ ತೆಗೆದರು? ಬುಧವಾರ ಎಷ್ಟು ಗಂಟೆಗೆ? ಎರಡೂ ಒಂದೇ ಲ್ಯಾಬ್ ತಾನೇ? ಸಾಮಾನ್ಯವಾಗಿ ನಿಮಗೆ ಎಷ್ಟು ದಿನಕ್ಕೊಮ್ಮೆ ಮುಟ್ಟು ಬರುತ್ತದೆ? ಹೊಟ್ಟೆಯ ಒಂದು ಪಕ್ಕ ನೋವು, ರಕ್ತ ಕಾಣಿಸುವುದು, ತಲೆ ಸುತ್ತು, ಇಂಥದ್ದೇನಾದರೂ ಇದೆಯಾ?

ಹೊಸಚಿಗುರು

ಅಕ್ಕಾ, ಸೋಮವಾರ ಸಂಜೆ 4 ಗಂಟೆ. ಬುಧವಾರ ಬೆಳಿಗ್ಗೆ 10 ಗಂಟೆ. ಒಂದೇ ಲ್ಯಾಬ್. ಮುಟ್ಟು 33ರಿಂದ 35 ದಿನಕ್ಕೆ ಬರುತ್ತದೆ, ಮೊದಲಿಂದಲೂ ಹಾಗೇ. ನೋವಿಲ್ಲ, ರಕ್ತ ಇಲ್ಲ. ಎದೆ ಭಾರ ಇದೆ, ಅಷ್ಟೇ.

ಲ್ಯಾಬ್ ಅಕ್ಕ

ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನಾನು ಡಾಕ್ಟರ್ ಅಲ್ಲ. ಹದಿನಾಲ್ಕು ವರ್ಷದಿಂದ ಲ್ಯಾಬ್‌ನಲ್ಲಿ ಹಾರ್ಮೋನ್ ಮೆಷಿನ್ ಮುಂದೆ ಕೆಲಸ. ನಿಮ್ಮ ರಿಪೋರ್ಟ್‌ನಲ್ಲಿ ಇರುವಂಥ ಅಂಕಿ ದಿನಾ ನನ್ನ ಕೈಯಿಂದ ಹೋಗುತ್ತವೆ. ಅದಕ್ಕೇ ಹೇಳುವುದು, ಆ ಅಂಕಿಗಿಂತ ಮೊದಲು ಗಡಿಯಾರ ಮತ್ತು ಕ್ಯಾಲೆಂಡರ್ ನೋಡಬೇಕು.

ನಿಮ್ಮ ಎರಡು ಟೆಸ್ಟ್‌ಗಳ ನಡುವೆ 48 ಗಂಟೆ ಇಲ್ಲ. ಸೋಮವಾರ ಸಂಜೆ 4ರಿಂದ ಬುಧವಾರ ಬೆಳಿಗ್ಗೆ 10ಕ್ಕೆ 42 ಗಂಟೆ. ಎಲ್ಲರೂ ‘ಎರಡು ದಿನ’ ಅಂದುಬಿಡುತ್ತಾರೆ. ಈ ಹಾರ್ಮೋನ್ ಗಂಟೆ ಗಂಟೆಗೂ ಏರುತ್ತಿರುತ್ತದೆ, ಆರು ಗಂಟೆ ಅಂದರೆ ಸಣ್ಣದಲ್ಲ. 42 ಗಂಟೆಗೆ 112 ಇದ್ದದ್ದು 186 ಆದರೆ ಏರಿಕೆ ಶೇ. 66. ಅದೇ ವೇಗದಲ್ಲಿ ಹೋದರೆ 48 ಗಂಟೆಗೆ ಸುಮಾರು 200, ಅಂದರೆ ಶೇ. 78 ಏರಿಕೆ.

ಈಗ ‘ಡಬಲ್ ಆಗಲೇಬೇಕು’ ಅನ್ನುವ ಮಾತು. ಅದು ಸರಾಸರಿಯ ಮಾತು. ಮೊದಲ ವಾರಗಳಲ್ಲಿ ಎರಡರಿಂದ ಮೂರು ದಿನಕ್ಕೆ ದುಪ್ಪಟ್ಟಾಗುವುದು ಸಾಮಾನ್ಯ. ಆದರೆ ಕನಿಷ್ಠ ಎಷ್ಟು ಏರಬೇಕು ಅನ್ನುವುದು ಬೇರೆ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು 48 ಗಂಟೆಗೆ ಶೇ. 66 ಅಂತ ಹೇಳಿಕೊಟ್ಟಿದ್ದರು. ಆ ಲೆಕ್ಕ ಈಗ ಬದಲಾಗಿದೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2018ರಲ್ಲಿ ಕೊಟ್ಟ ಸೂಚನೆಯಲ್ಲಿ, ಮೊದಲ ಅಂಕಿ 1,500ರ ಒಳಗಿದ್ದರೆ 48 ಗಂಟೆಗೆ ಕನಿಷ್ಠ ಶೇ. 49 ಏರಿಕೆ ನಿರೀಕ್ಷಿಸಬಹುದು ಎಂದಿದೆ. 1,500ರಿಂದ 3,000ದ ನಡುವೆ ಇದ್ದರೆ ಶೇ. 40. ಅದಕ್ಕೂ ಮೇಲಿದ್ದರೆ ಶೇ. 33. ಅಂಕಿ ದೊಡ್ಡದಾದಷ್ಟೂ ಏರುವ ವೇಗ ತಾನಾಗಿಯೇ ಇಳಿಯುತ್ತದೆ. ನಿಮ್ಮದು 78. ಓರಗಿತ್ತಿಗೆ ಇದನ್ನು ತೋರಿಸಿ, ಅವರಿಗೂ ಸಮಾಧಾನ ಆಗಲಿ.

ಎರಡನೆಯದು ಕ್ಯಾಲೆಂಡರ್. ನಿಮ್ಮ ಆ್ಯಪ್ 28 ದಿನದ ಲೆಕ್ಕ ಹಾಕಿದೆ. ಅಂದರೆ ನಿಮಗೂ 14ನೇ ದಿನದ ಹೊತ್ತಿಗೆ ಅಂಡ ಹೊರಬಂದಿದೆ ಅಂದುಕೊಂಡಿದೆ. ನಿಮಗೆ 34 ದಿನದ ಚಕ್ರ. ಅಂಡ ಬಂದ ಮೇಲೆ ಮುಟ್ಟು ಬರಲು ಸುಮಾರು ಎರಡು ವಾರ. ಹಾಗಾದರೆ ನಿಮಗೆ ಅಂಡ ಬಂದದ್ದು 20ನೇ ದಿನದ ಆಸುಪಾಸು. ಗರ್ಭದ ವಾರ ಎಣಿಸುವಾಗ ಅಂಡ ಬಂದ ದಿನವನ್ನು ಎರಡು ವಾರ ಅಂತ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಸೋಮವಾರಕ್ಕೆ ಆಗಿದ್ದು 4 ವಾರ 5 ದಿನ ಅಲ್ಲ, ಹತ್ತಿರ ಹತ್ತಿರ 4 ವಾರ. 4 ವಾರಕ್ಕೆ ಅದೇ ಚಾರ್ಟ್‌ನಲ್ಲಿ 5ರಿಂದ 426 ಅಂತ ಇರುತ್ತದೆ, ನೋಡಿ. 112 ಅದರ ನಡುವೆ ಆರಾಮಾಗಿ ಕೂತಿದೆ. ನೀವು ಐದಾರು ದಿನ ಮುಂದಿನ ಸಾಲಿನಲ್ಲಿ ನಿಮ್ಮನ್ನು ಹುಡುಕುತ್ತಿದ್ದಿರಿ. 900 ಬಂದವರ ಚಕ್ರ ಎಷ್ಟು ದಿನದ್ದೋ ನಿಮಗೆ ಗೊತ್ತಿಲ್ಲ ಅಲ್ವಾ?

ಆ ಚಾರ್ಟ್‌ನ ಅಗಲವನ್ನೂ ಗಮನಿಸಿ. 5 ವಾರಕ್ಕೆ 18ರಿಂದ 7,340. ಅಳತೆ ಸರಿಯಿಲ್ಲದೆ ಹೀಗಾಗಿದ್ದಲ್ಲ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆಯೇ ಈ ಹಾರ್ಮೋನ್ ರಕ್ತಕ್ಕೆ ಬರುವುದು. ಅಂಡ ಬಂದ 6ರಿಂದ 12 ದಿನದೊಳಗೆ ಅದು ಯಾವಾಗ ಬೇಕಾದರೂ ಅಂಟಿಕೊಳ್ಳಬಹುದು. ಒಬ್ಬರಿಗೆ ನಾಲ್ಕು ದಿನ ಮೊದಲು ಶುರುವಾದರೆ, ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುವ ಲೆಕ್ಕದಲ್ಲಿ ಅವರ ಅಂಕಿ ನಾಲ್ಕು ಪಟ್ಟು. ಇಬ್ಬರ ಮಗುವೂ ಚೆನ್ನಾಗಿರಬಹುದು.

‘ಎಚ್’ ಅಂತ ಹಾಕಿದ್ದಕ್ಕೆ ಹೆದರಬೇಡಿ. ಕಂಪ್ಯೂಟರ್‌ಗೆ ನೀವು ಬಸುರಿ ಅಂತ ಗೊತ್ತಿಲ್ಲ. ಅದರಲ್ಲಿ ತುಂಬಿರುವುದು ಗರ್ಭ ಇಲ್ಲದವರ ರೇಂಜ್. ಅವರಿಗೆ 5ಕ್ಕಿಂತ ಕಡಿಮೆ ಇರುತ್ತದೆ. 5 ದಾಟಿದ ಯಾವುದಕ್ಕೂ ಅದು ‘ಎಚ್’ ಹಾಕುತ್ತದೆ. ಸಾಮಾನ್ಯವಾಗಿ 25 ದಾಟಿದರೆ ಪಾಸಿಟಿವ್ ಅನ್ನುತ್ತೇವೆ, 5ರಿಂದ 25ರ ನಡುವೆ ಬಂದರೆ ಎರಡು ದಿನ ಬಿಟ್ಟು ಮತ್ತೆ ನೋಡಬೇಕು. ನಾನು ನಮ್ಮ ಲ್ಯಾಬ್‌ನಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಬೀಟಾ ಎಚ್‌ಸಿಜಿ ರಿಪೋರ್ಟ್‌ನಲ್ಲಿ ಆ ಅಕ್ಷರ ತೆಗೆದುಬಿಡಿ ಅಂತ. ಅದೊಂದು ಅಕ್ಷರದಿಂದ ಎಷ್ಟು ಜನ ಅಳುತ್ತಾ ಫೋನ್ ಮಾಡಿದ್ದಾರೋ ಲೆಕ್ಕ ಇಲ್ಲ.

ಅಂಕಿ ಹೇಗೆ ಹುಟ್ಟುತ್ತದೆ ಅಂತ ಹೇಳಿದರೆ ಉಳಿದದ್ದು ಸುಲಭ. ನಿಮ್ಮ ಟ್ಯೂಬ್ ಬಂದ ಮೇಲೆ ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡುತ್ತೇವೆ. ಆಮೇಲೆ ಗಿರ್ರನೆ ತಿರುಗಿಸುತ್ತೇವೆ. ಕೆಂಪು ಕೆಳಗೆ ಉಳಿದು, ಮೇಲೆ ಜೇನಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಮ್. ಮೆಷಿನ್ ಅದರಲ್ಲಿ ಒಂದು ಹನಿಗಿಂತಲೂ ಕಡಿಮೆ ಹೀರಿಕೊಳ್ಳುತ್ತದೆ. ಒಳಗೆ ಎರಡು ಪ್ರತಿಕಾಯ ಇರುತ್ತವೆ, ಅಂದರೆ ಆಂಟಿಬಾಡಿ. ಒಂದು ಹಾರ್ಮೋನನ್ನು ಒಂದು ಕಡೆಯಿಂದ ಹಿಡಿಯುತ್ತದೆ. ಇನ್ನೊಂದು ಆಚೆ ಕಡೆಯಿಂದ ಹಿಡಿದು ಬೆಳಕು ಕೊಡುತ್ತದೆ. ಬೆಳಕು ಎಷ್ಟು ಜಾಸ್ತಿಯೋ ಹಾರ್ಮೋನ್ ಅಷ್ಟು ಜಾಸ್ತಿ. ಒಂದೇ ಟ್ಯೂಬನ್ನು ಎರಡು ಸಲ ಓಡಿಸಿದರೆ ಒಮ್ಮೆ 112, ಒಮ್ಮೆ 108 ಬಂದೀತು. ಬೇರೆ ಕಂಪನಿಯ ಮೆಷಿನ್‌ನಲ್ಲಿ ಪ್ರತಿಕಾಯವೇ ಬೇರೆ, ಅಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಅದಕ್ಕೇ ಒಂದೇ ಲ್ಯಾಬಾ ಅಂತ ಕೇಳಿದ್ದು. ಒಂದು ಕಡೆ 112, ಇನ್ನೊಂದು ಕಡೆ 150 ಬಂದರೆ ಅದು ಏರಿಕೆಯೋ ಮೆಷಿನ್ ವ್ಯತ್ಯಾಸವೋ ಯಾರೂ ಹೇಳಲಾರರು.

ಬೀಟಾ ಅಂತ ಯಾಕೆ ಕರೆಯುತ್ತಾರೆ ಅಂತಲೂ ತುಂಬಾ ಜನ ಕೇಳುತ್ತಾರೆ. ಈ ಹಾರ್ಮೋನಿಗೆ ಎರಡು ತುಂಡು. ಆಲ್ಫಾ ಅನ್ನುವ ತುಂಡು ಥೈರಾಯ್ಡ್‌ನ ಟಿಎಸ್‌ಎಚ್‌ನಲ್ಲೂ ಇದೆ, ಅಂಡ ಬಿಡಿಸುವ ಎಲ್‌ಎಚ್‌ನಲ್ಲೂ ಇದೆ, ಒಂದೇ ಥರ. ಬೀಟಾ ತುಂಡು ಮಾತ್ರ ಇದರದ್ದೇ. ಅದನ್ನು ಹಿಡಿದರೆ ಬೇರೆಯದರ ಜೊತೆ ಗೊಂದಲ ಇಲ್ಲ. ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೀನ್, ಗ್ರಿಫ್ ರಾಸ್ ಅನ್ನುವ ಮೂವರು 1972ರಲ್ಲಿ ಅಮೆರಿಕದಲ್ಲಿ ಇದನ್ನು ಸಾಧಿಸಿ ತೋರಿಸಿದರು. 1920ರ ದಶಕದ ಕೊನೆಯಲ್ಲಿ ಹೆಂಗಸಿನ ಮೂತ್ರವನ್ನು ಇಲಿಮರಿಗೆ ಚುಚ್ಚಿ, ದಿನಗಟ್ಟಲೆ ಕಾದು, ಅದನ್ನು ಕೊಯ್ದು ಅಂಡಾಶಯ ನೋಡುತ್ತಿದ್ದರು. ಆಮೇಲೆ ಕಪ್ಪೆ ಬಂತು. ಬಸುರಿಯ ಮೂತ್ರ ಚುಚ್ಚಿದರೆ ಕಪ್ಪೆ ಮೊಟ್ಟೆ ಇಡುತ್ತಿತ್ತು. ಆಗಿನವರಿಗೆ ಹೌದು, ಇಲ್ಲ ಎರಡೇ ಉತ್ತರ. ನಮಗೆ 112, 186 ಅಂತ ಗೊತ್ತಾಗುತ್ತದೆ. ಅದು ದೊಡ್ಡ ಉಪಕಾರ. ನಿದ್ದೆ ಕೆಡುವುದೂ ಅದರಿಂದಲೇ.

ಕಿಟ್ ಗೆರೆಯ ವಿಷಯ. ಅಲ್ಲೂ ಇದೇ ತತ್ವ, ಬೆಳಕಿನ ಬದಲು ಬಣ್ಣ. ಹೆಚ್ಚಿನ ಕಿಟ್‌ಗಳು 20ರಿಂದ 25 ದಾಟಿದ ಮೇಲೆ ಗೆರೆ ತೋರಿಸುತ್ತವೆ. ಸಂಜೆ ಹೊತ್ತಿಗೆ ನೀರು ಕುಡಿದು ಕುಡಿದು ಮೂತ್ರ ತೆಳುವಾಗಿರುತ್ತದೆ. ಬೆಳಗಿನ ಮೊದಲ ಮೂತ್ರ ಗಟ್ಟಿ. ನಿಮ್ಮ ಎರಡು ಗೆರೆಯ ನಡುವಿನ ವ್ಯತ್ಯಾಸ ಹೆಚ್ಚಾಗಿ ಅಷ್ಟೇ. ಇನ್ನು ಮುಂದೆ ದಿನಾ ಕಿಟ್ ನೋಡಬೇಡಿ. ಗೆರೆಯ ಬಣ್ಣ ಅಳತೆಗೋಲಲ್ಲ. ಹಾರ್ಮೋನ್ ತುಂಬಾ ಮೇಲಕ್ಕೆ ಹೋದ ಮೇಲೆ ಗೆರೆ ಮಸುಕಾಗುವುದೂ ಉಂಟು. ಎರಡು ಪ್ರತಿಕಾಯ ಸೇರಿ ಒಂದನ್ನು ಹಿಡಿಯಬೇಕು. ಹಾರ್ಮೋನ್ ವಿಪರೀತ ಇದ್ದರೆ ಒಂದೊಂದೂ ಬೇರೆ ಬೇರೆಯದನ್ನು ಹಿಡಿದುಕೊಂಡು ಕೂರುತ್ತವೆ, ಜೋಡಿ ಆಗುವುದೇ ಇಲ್ಲ. ಎಂಟನೇ ವಾರದಲ್ಲಿ ಸುಮ್ನೆ ಕುತೂಹಲಕ್ಕೆ ಕಿಟ್ ನೋಡಿ, ಗೆರೆ ತಿಳಿಯಾಯಿತು ಅಂತ ನಡುಗುತ್ತಾ ಬಂದವರನ್ನು ನಾನೇ ನೋಡಿದ್ದೇನೆ.

ಪ್ರೊಜೆಸ್ಟರಾನ್ 14.2. ಮೊದಲು ಯೂನಿಟ್ ನೋಡಿ, ನ್ಯಾನೋಗ್ರಾಮ್ ಇರಬೇಕು. ಕೆಲವು ಕಡೆ ನ್ಯಾನೋಮೋಲ್‌ನಲ್ಲಿ ಕೊಡುತ್ತಾರೆ, ಅದರಲ್ಲಿ ಅಂಕಿ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ನ್ಯಾನೋಗ್ರಾಮ್‌ನಲ್ಲಿ 5ಕ್ಕಿಂತ ಕಡಿಮೆ ಬಂದರೆ ಗರ್ಭ ಮುಂದುವರಿಯುವ ಸಾಧ್ಯತೆ ತುಂಬಾ ಕಡಿಮೆ. 20, 25ರ ಮೇಲಿದ್ದರೆ ಒಳ್ಳೆಯ ಸೂಚನೆ. ನಡುವೆ ಇದ್ದರೆ ಅದೊಂದರಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ. ಅಂಡಾಶಯ ಅದನ್ನು ಒಂದೇ ಸಮನೆ ಬಿಡುವುದಿಲ್ಲ, ಅಲೆ ಅಲೆಯಾಗಿ ಬಿಡುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಬರಬಹುದು. ಎಚ್‌ಸಿಜಿಯ ಮುಖ್ಯ ಕೆಲಸವೇ ಅಂಡಾಶಯಕ್ಕೆ ‘ಪ್ರೊಜೆಸ್ಟರಾನ್ ನಿಲ್ಲಿಸಬೇಡ’ ಅಂತ ಹೇಳುತ್ತಿರುವುದು. ಮಾಸು ಬೆಳೆದು ಆ ಕೆಲಸ ತಾನೇ ವಹಿಸಿಕೊಳ್ಳುವವರೆಗೂ ಹೇಳುತ್ತಲೇ ಇರುತ್ತದೆ. ಮಾತ್ರೆ ಬೇಕೋ ಬೇಡವೋ ಡಾಕ್ಟರನ್ನೇ ಕೇಳಿ.

ನನ್ನದೇ ಒಂದು ವಿಷಯ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನ ರಕ್ತವನ್ನು ನಾನೇ ಮೆಷಿನ್‌ಗೆ ಇಟ್ಟೆ. 61. ಸರಿಯಾಗಿ 48 ಗಂಟೆಗೆ ಮತ್ತೆ ಇಟ್ಟೆ. ಸ್ಟೂಲ್ ಮೇಲೆ ಕೂತು ಆ ಹದಿನೆಂಟು ಇಪ್ಪತ್ತು ನಿಮಿಷ ಪರದೆಯನ್ನೇ ನೋಡುತ್ತಿದ್ದೆ. 74. ಶೇ. 21 ಏರಿಕೆ. ಮೆಷಿನ್ ತಪ್ಪಿರಲಿ ಅಂತ ಅದೇ ಟ್ಯೂಬನ್ನು ಮತ್ತೆ ಇಟ್ಟೆ. 75. ಮತ್ತೆರಡು ದಿನಕ್ಕೆ 52. ಪಕ್ಕದಲ್ಲಿ ಬೇರೆಯವರ ಟ್ಯೂಬ್‌ಗಳು ಸಾಲಾಗಿ ಕಾಯುತ್ತಿದ್ದವು. ಅವನ್ನೂ ಓಡಿಸಿ, ಎಲ್ಲರ ರಿಪೋರ್ಟ್ ಕಳಿಸಿ ಮನೆಗೆ ಹೋದೆ. ಎರಡು ವರ್ಷ ಆದ ಮೇಲೆ ಮತ್ತೆ ನಿಂತಿತು. ಆಗಲೂ ಮೊದಲ ಏರಿಕೆ ಶೇ. 58, ಡಬಲ್ ಏನೂ ಆಗಿರಲಿಲ್ಲ. ಆ ಮಗಳಿಗೆ ಈಗ ಒಂಬತ್ತು. ಇದನ್ನು ಹೇಳಿದ್ದು ಯಾಕೆಂದರೆ, ಕೆಟ್ಟ ಏರಿಕೆ ಹೇಗಿರುತ್ತದೆ ಅಂತ ನನಗೆ ಗೊತ್ತು. ನಿಮ್ಮದು ಹಾಗೆ ಕಾಣುತ್ತಿಲ್ಲ.

ಹಾಗಂತ ಎಲ್ಲ ಸರಿಯಾಗೇ ಇದೆ ಅಂತ ರಕ್ತ ಪರೀಕ್ಷೆಯಿಂದ ಬರೆದುಕೊಡಲು ಆಗುವುದಿಲ್ಲ. ಗರ್ಭ ಎಲ್ಲಿ ಕೂತಿದೆ ಅಂತ ಹಾರ್ಮೋನ್ ಹೇಳುವುದಿಲ್ಲ. ಅದನ್ನು ಸ್ಕ್ಯಾನೇ ಹೇಳಬೇಕು.

ಸಂಜೆಮಲ್ಲಿಗೆ

ಅಕ್ಕ ಹೇಳಿದ ಕೊನೆಯ ಮಾತು ನನ್ನ ಕಥೆ. ಹೊಸಚಿಗುರು ಅವರೇ, ನಿಮ್ಮನ್ನು ಹೆದರಿಸಲು ಅಲ್ಲ. ಓದುವ ಬೇರೆ ಯಾರಿಗಾದರೂ ಬೇಕಾಗಬಹುದು.

ನನಗೆ 1,240 ಇದ್ದದ್ದು 48 ಗಂಟೆಗೆ 1,510 ಆಯಿತು. ತೋರಿಸಿದ ಮೊದಲ ಕಡೆ ‘ಏರುತ್ತಿದೆಯಲ್ಲ, ಮನೆಗೆ ಹೋಗಿ’ ಅಂದರು. ಬಲಗಡೆ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಎಳೆದ ಹಾಗೆ ನೋವಿತ್ತು. ಮಲಬದ್ಧತೆ ಇರಬೇಕು ಅಂದುಕೊಂಡೆ. ಕಂದು ಬಣ್ಣದ ಕಲೆ ಕಾಣಿಸುತ್ತಿತ್ತು. ನನ್ನ ಅಮ್ಮ ಹಟ ಹಿಡಿದು ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ಒಳಗಿನಿಂದ ಸ್ಕ್ಯಾನ್ ಮಾಡಿದಾಗ ಗರ್ಭಕೋಶ ಖಾಲಿ. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗ ಬಲಗಡೆ ಅಂಡನಾಳದಲ್ಲಿ ಗರ್ಭ ಕಂಡಿತು. ಅದು ಬೆಳೆಯದಂತೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟರು. ನಾಲ್ಕನೇ ದಿನ ರಕ್ತ, ಏಳನೇ ದಿನ ರಕ್ತ. ಆ ಎರಡರ ನಡುವೆ ಶೇ. 15 ಆದರೂ ಇಳಿಯಬೇಕು ಅಂದಿದ್ದರು, ಇಳಿಯಿತು. ಆಮೇಲೆ ವಾರಕ್ಕೊಮ್ಮೆ, 5ಕ್ಕಿಂತ ಕೆಳಗೆ ಬರುವವರೆಗೆ. ಐದು ವಾರ ಹಿಡಿಯಿತು. ಅಂಕಿ ಏರಲಿ ಅಂತ ಬೇಡಿಕೊಂಡವಳು ಇಳಿಯಲಿ ಅಂತ ಬೇಡಿಕೊಂಡೆ. ಆ ಐದು ವಾರ ಹೇಗೆ ಕಳೆದೆ ಅಂತ ಈಗಲೂ ಬರೆಯಲು ಕಷ್ಟ.

ಸಮಯಕ್ಕೆ ಸರಿಯಾಗಿ ಗೊತ್ತಾದದ್ದರಿಂದ ನನ್ನ ನಾಳ ಉಳಿಯಿತು. ಒಂದು ಪಕ್ಕ ನೋವು, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು, ಭುಜದ ತುದಿಯಲ್ಲಿ ನೋವು, ಇವು ಬಂದರೆ ಮುಂದಿನ ಟೆಸ್ಟ್‌ವರೆಗೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಭುಜದ ನೋವಿಗೂ ಇದಕ್ಕೂ ಏನು ಸಂಬಂಧ ಅಂತ ನನಗೂ ಗೊತ್ತಿರಲಿಲ್ಲ. ಒಳಗೆ ರಕ್ತ ಸೋರಿ ವಪೆಗೆ, ಅಂದರೆ ಎದೆ ಹೊಟ್ಟೆ ನಡುವಿನ ಪರದೆಗೆ, ತಾಗಿದರೆ ಭುಜದಲ್ಲಿ ನೋವು ಕಾಣಿಸುತ್ತದಂತೆ.

ಲ್ಯಾಬ್ ಅಕ್ಕ

ಸಂಜೆಮಲ್ಲಿಗೆ ಅವರೇ, ಬರೆದದ್ದಕ್ಕೆ ತುಂಬಾ ಉಪಕಾರ. ಒಂದೇ ಮಾತು ಸೇರಿಸುತ್ತೇನೆ. ನಾಳದಲ್ಲಿ ನಿಂತ ಗರ್ಭದಲ್ಲೂ ಕೆಲವೊಮ್ಮೆ ಅಂಕಿ ಚೆನ್ನಾಗಿಯೇ ಏರುತ್ತದೆ. ಆದ್ದರಿಂದ ನೋವಿದ್ದರೆ ‘ನನ್ನದು ಡಬಲ್ ಆಗಿದೆ’ ಅಂತ ಯಾರೂ ಸುಮ್ಮನೆ ಕೂರಬೇಡಿ.

ಮೂರನೇಮಹಡಿ

ನಡುವೆ ನನ್ನದೊಂದು ಪ್ರಶ್ನೆ. ಅಂಡ ಬಿಡುಗಡೆಗೆ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟು ಇವತ್ತಿಗೆ ಎಂಟು ದಿನ. ಕಿಟ್‌ನಲ್ಲಿ ಎರಡು ಗೆರೆ ಬಂದಿದೆ. ಮನೆಯವರಿಗೆ ಹೇಳಿಬಿಡಲಾ?

ಲ್ಯಾಬ್ ಅಕ್ಕ

ಇನ್ನೂ ಹೇಳಬೇಡಿ. ಆ ಇಂಜೆಕ್ಷನ್‌ನಲ್ಲಿ ಇದ್ದದ್ದು ಇದೇ ಹಾರ್ಮೋನ್. ದೇಹದಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುತ್ತದೆ. ಕಿಟ್ ಸುಳ್ಳು ಹೇಳಿಲ್ಲ, ಹಾರ್ಮೋನ್ ಇದೆ ಅಂದಿದೆ. ಆದರೆ ಅದು ಇಂಜೆಕ್ಷನ್‌ನದ್ದೋ ಗರ್ಭದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಡಾಕ್ಟರ್ ಕೊಟ್ಟ ತಾರೀಖಿನಂದೇ ರಕ್ತ ಕೊಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ತೆಗೆಯುವವರಿಗೆ ಮೊದಲೇ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಅದು ಅಂಕಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ನೆನಪಾದಾಗಲೇ ಹೇಳಿಬಿಡುತ್ತೇನೆ. ಅಪರೂಪಕ್ಕೆ ಕೆಲವರ ರಕ್ತದಲ್ಲಿರುವ ಬೇರೆ ಪ್ರತಿಕಾಯಗಳು ನಮ್ಮ ಮೆಷಿನ್‌ನ ಎರಡು ಪ್ರತಿಕಾಯಗಳನ್ನು ತಾವೇ ಜೋಡಿಸಿಬಿಡುತ್ತವೆ. ಗರ್ಭ ಇಲ್ಲದಿದ್ದರೂ ಅಂಕಿ ಬರುತ್ತದೆ. ವಾರಗಟ್ಟಲೆ ಏರದೆ ಇಳಿಯದೆ ಒಂದೇ ಅಂಕಿ ನಿಂತಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ ಹೋಲಿಸಬೇಕು. ಆ ಪ್ರತಿಕಾಯ ಮೂತ್ರಕ್ಕೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ನೆಗೆಟಿವ್ ಬರುತ್ತದೆ.

ಹೊಸಚಿಗುರು

ಅಕ್ಕಾ, ನೀವು ಬರೆದದ್ದನ್ನು ಆ ರಾತ್ರಿ ಮೂರು ಸಲ ಓದಿ ಮಲಗಿದೆ. ಬೆಳಿಗ್ಗೆ ಓರಗಿತ್ತಿಗೂ ಓದಿ ಹೇಳಿದೆ. ಅವರು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಅವರಿಗೂ ಒಂದು ಸಲ ನಿಲ್ಲದೆ ಹೋಗಿತ್ತು ಅಂತ ಆಗ ಹೇಳಿದರು. ಇಷ್ಟು ವರ್ಷ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಬುಧವಾರ ಅದೇ ಲ್ಯಾಬ್, ಅದೇ ಹತ್ತು ಗಂಟೆ. 1,460 ಬಂತು. ಇನ್ನೊಂದು ಸಲ ಕೊಡಲಾ ಅಂತ ಡಾಕ್ಟರನ್ನು ಕೇಳಿದೆ. ಇನ್ನು ರಕ್ತ ಬೇಡ, ಹತ್ತು ದಿನ ಬಿಟ್ಟು ಸ್ಕ್ಯಾನ್ ಅಂದರು. ಆ ಹತ್ತು ದಿನ ಆದ ಮೇಲೆ ಸ್ಕ್ಯಾನ್‌ನಲ್ಲಿ ಏನು ಕಾಣಬೇಕು ಅಂತ ಹೇಳುತ್ತೀರಾ?

ಲ್ಯಾಬ್ ಅಕ್ಕ

ಒಂದು ವಾರಕ್ಕೆ ಸುಮಾರು ಎಂಟು ಪಟ್ಟು. ತುಂಬಾ ಸಂತೋಷ. ಡಾಕ್ಟರ್ ಹೇಳಿದ್ದು ಸರಿ. ಇಲ್ಲಿಂದ ಮುಂದೆ ಸ್ಕ್ಯಾನ್ ಹೇಳುವಷ್ಟು ರಕ್ತ ಹೇಳುವುದಿಲ್ಲ.

ಐದನೇ ವಾರದ ಹೊತ್ತಿಗೆ ಕಪ್ಪು ಮಣಿಯಂಥ ಚೀಲ ಕಾಣುತ್ತದೆ. ಐದೂವರೆಗೆ ಅದರೊಳಗೆ ಸಣ್ಣ ಉಂಗುರ, ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಯೋಕ್ ಸ್ಯಾಕ್. ಆರು, ಆರೂವರೆಗೆ ಮಗು ಮತ್ತು ಎದೆಬಡಿತ. ಇದೆಲ್ಲ ನಿಮ್ಮ ನಿಜವಾದ ದಿನದ ಲೆಕ್ಕದಲ್ಲಿ, ಆ್ಯಪ್ ಲೆಕ್ಕದಲ್ಲಿ ಅಲ್ಲ. ಆ್ಯಪ್ ಆವತ್ತಿಗೆ 7 ವಾರ 3 ದಿನ ಅನ್ನುತ್ತದೆ. ಸ್ಕ್ಯಾನ್ ಮಾಡುವವರು ‘ಒಂದು ವಾರ ಚಿಕ್ಕದಿದೆ’ ಅಂದರೆ ಅಲ್ಲೇ ಕುಸಿಯಬೇಡಿ. ನಿಮ್ಮ ಚಕ್ರ 34 ದಿನದ್ದು ಅಂತ ಮಲಗುವ ಮೊದಲೇ ಹೇಳಿಬಿಡಿ.

ಹೊಸಚಿಗುರು

ಇವತ್ತು ಶನಿವಾರ, ಸ್ಕ್ಯಾನ್ ಆಯಿತು. ಹೇಳಿಬಿಡಿ ಅಂದಿದ್ದಿರಲ್ಲ, ಬಾಗಿಲು ದಾಟಿದ ಕೂಡಲೇ ಹೇಳಿದೆ, 34 ದಿನ ಅಂತ. ಅವರು ತಲೆಯಾಡಿಸಿ ಬರೆದುಕೊಂಡರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾನು ಚಾವಣಿ ನೋಡುತ್ತಾ ಎಣಿಸುತ್ತಿದ್ದೆ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಡಲೆಕಾಳಿಗಿಂತ ಚಿಕ್ಕದು, ನಡುವೆ ಪಿಳಿಪಿಳಿ ಅಂತ ಒಂದು ಚುಕ್ಕೆ ಮಿನುಗುತ್ತಿತ್ತು. 7 ಮಿಲಿಮೀಟರ್. ಎದೆಬಡಿತ ನಿಮಿಷಕ್ಕೆ 124. ರಿಪೋರ್ಟ್‌ನಲ್ಲಿ 6 ವಾರ 4 ದಿನ ಅಂತ ಬರೆದಿದ್ದಾರೆ. ಗರ್ಭಕೋಶದ ಒಳಗೇ ಇದೆ. ನಮ್ಮ ಮನೆಯವರು ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತರು.

ಮುಂದೆ ಡಬಲ್ ಮಾರ್ಕರ್ ಟೆಸ್ಟ್ ಇದೆ ಅಂದರು. ಅದರಲ್ಲೂ ಬೀಟಾ ಎಚ್‌ಸಿಜಿ ಇದೆಯಂತೆ. ಮತ್ತೆ ಅದೇ ಏರಿಳಿತದ ಲೆಕ್ಕವಾ ಅಕ್ಕಾ?

ಲ್ಯಾಬ್ ಅಕ್ಕ

ಓದಿ ಕಣ್ಣು ತುಂಬಿ ಬಂತು. ಚೆನ್ನಾಗಿರಿ, ಇಬ್ಬರೂ, ಅಲ್ಲ, ಮೂವರೂ.

ಡಬಲ್ ಮಾರ್ಕರ್ ಬೇರೆ ಲೆಕ್ಕ. 11 ವಾರದಿಂದ 13 ವಾರ 6 ದಿನದೊಳಗೆ ಮಾಡುತ್ತಾರೆ. ಫ್ರೀ ಬೀಟಾ ಅಂತ ಹಾರ್ಮೋನಿನ ಬಿಡಿ ತುಂಡನ್ನು ಅಳೆಯುತ್ತಾರೆ, ಜೊತೆಗೆ ಪಾಪ್-ಎ ಅನ್ನುವ ಪ್ರೋಟೀನ್. ಅದೇ ವಯಸ್ಸಿನ ಗರ್ಭಗಳಲ್ಲಿ ನಡುವೆ ಬರುವ ಅಂಕಿಗೆ ನಿಮ್ಮದು ಎಷ್ಟು ಪಟ್ಟು ಅಂತ ನೋಡುತ್ತಾರೆ. ಅದನ್ನು ಈಗಿನ 112, 1,460ರ ಪಕ್ಕ ಇಡಬೇಡಿ. ಅದು ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ಎಷ್ಟು ಅಂತ ಹೇಳುತ್ತದೆ, ಇದೆ ಇಲ್ಲ ಅಂತ ತೀರ್ಪು ಕೊಡುವುದಿಲ್ಲ. ಇನ್ನೊಂದು ವಿಷಯ, ಎಚ್‌ಸಿಜಿ 8ರಿಂದ 11ನೇ ವಾರದ ನಡುವೆ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಎಲ್ಲರಿಗೂ ಹಾಗೇ. ಯಾರಾದರೂ ಮೂರನೇ ತಿಂಗಳು ಮುಗಿದ ಮೇಲೆ ಟೆಸ್ಟ್ ಮಾಡಿಸಿ ‘ಕಡಿಮೆ ಆಗಿದೆ’ ಅಂದರೆ ಗಾಬರಿ ಆಗಬೇಡಿ.

ಆ ದಿನ ಇವತ್ತಿನ ಸ್ಕ್ಯಾನ್ ರಿಪೋರ್ಟ್ ಮರೆಯದೆ ತೆಗೆದುಕೊಂಡು ಹೋಗಿ. ವಾರದ ಲೆಕ್ಕ ತಪ್ಪಿದರೆ ಆ ಟೆಸ್ಟ್‌ನ ಉತ್ತರವೂ ತಪ್ಪುತ್ತದೆ. ಫಾರ್ಮ್‌ನಲ್ಲಿ ಕೊನೆಯ ಮುಟ್ಟಿನ ತಾರೀಖು ಕೇಳಿದರೆ ಬರೆಯಿರಿ, ಆದರೆ ಪಕ್ಕದಲ್ಲೇ ‘ಸ್ಕ್ಯಾನ್ ಪ್ರಕಾರ’ ಅಂತ ಇವತ್ತಿನ ತಾರೀಖು ಮತ್ತು 6 ವಾರ 4 ದಿನ ಅಂತಲೂ ಬರೆದುಬಿಡಿ.